ನೆಪ ಸಿಗದ ಯಂತ್ರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ಕೆಲಸಕ್ಕೆಂದು ಮಾಡಿದ ಕೈಯಂತ್ರಗಳಿಗೆ ಬರವೇನಿಲ್ಲ. ಬಸ್ಸು ಹತ್ತಿದರೆ ಕಂಡಕ್ಟರ್ ಕೈಯಲ್ಲಿ ಟಿಕೆಟ್ ಯಂತ್ರ. ತಿಂಗಳಿಗೊಮ್ಮೆ ಬಾಗಿಲಿಗೆ ಬರುವ ಮೀಟರ್ ರೀಡರ್ ಕೈಯಲ್ಲಿ ಕರೆಂಟ್ ಬಿಲ್ಲು ಹರಿದುಕೊಡುವ ಯಂತ್ರ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿಸಿಕೊಳ್ಳುವ ಇನ್ನೊಂದು. ತಂಬಾಕು ಹರಾಜು ಮಾರುಕಟ್ಟೆಗೆ ಹೋದರೆ ಬೇಲುಗಳ ಸಾಲಿನ ನಡುವೆ ನಡೆಯುವ ಕಂಪನಿಯವರು ಬೆಲೆ ಕೂಗುವುದನ್ನು ಬಿಟ್ಟು ಅಂಗೈಯಲ್ಲಿರುವ ಯಂತ್ರದ ಗುಂಡಿ ಒತ್ತುತ್ತಾರೆ. ಇಷ್ಟೆಲ್ಲ ಇರುವ ಕಡೆ ಕಣ್ಣಿಗೆ ಬೀಳದಿರುವುದು ಆಟಕ್ಕೆಂದೇ ಮಾಡಿದ ಕೈಯಂತ್ರ. ಜಪಾನಿನಲ್ಲಿ, ಅಮೆರಿಕದಲ್ಲಿ ಕೋಟಿಗಟ್ಟಲೆ ಮಾರಾಟವಾದ ಗೇಮ್ ಬಾಯ್, ಪಿಎಸ್‌ಪಿ, ನಿಂಟೆಂಡೊ ಸ್ವಿಚ್ ಇಲ್ಲಿನ ಮೊಬೈಲ್ ಅಂಗಡಿಗಳ ಗಾಜಿನ ಕಪಾಟಿಗೆ ಬರಲೇ ಇಲ್ಲ.

ಬಡತನ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಆದರೆ ಹರಾಜಿನ ದುಡ್ಡು ಬ್ಯಾಂಕಿಗೆ ಬಿದ್ದ ವಾರ ಇದೇ ಊರುಗಳಲ್ಲಿ ಮೋಟಾರ್ ಬೈಕು, ಚಿನ್ನ, ಇಪ್ಪತ್ತು ಸಾವಿರದ ಫೋನು ಮಾರಾಟವಾಗುತ್ತವೆ. ದುಡ್ಡಿಲ್ಲ ಎಂಬುದು ಅರ್ಧ ಉತ್ತರ. ಕೈಯಲ್ಲಿ ಹಿಡಿದು ಆಡುವ ಯಂತ್ರ ಹುಟ್ಟಿದ್ದು ಹೇಗೆ ಎಂದು ನೋಡಿದರೆ ಇನ್ನರ್ಧ ಸಿಗುತ್ತದೆ.

ನಿಂಟೆಂಡೊ ಮೂಲತಃ ಇಸ್ಪೀಟು ಕಂಪನಿ. 1889ರಲ್ಲಿ ಕ್ಯೋಟೊ ನಗರದಲ್ಲಿ ಹನಾಫುದ ಎಂಬ ಹೂಚಿತ್ರದ ಎಲೆಗಳನ್ನು ತಯಾರಿಸಲು ಶುರುಮಾಡಿತು. ಅಲ್ಲಿ ಎಲೆ ತಯಾರಿಸುವ ಯಂತ್ರಗಳ ರಿಪೇರಿ ಕೆಲಸಕ್ಕೆ ಸೇರಿದ್ದ ಗುನ್‌ಪೇ ಯೊಕೊಯ್ ಮುಂದೆ ಆಟಿಕೆಗಳನ್ನು ವಿನ್ಯಾಸ ಮಾಡುವವನಾದ. 70ರ ದಶಕದ ಕೊನೆಯಲ್ಲಿ ಬುಲೆಟ್ ರೈಲಿನಲ್ಲಿ ಹೋಗುತ್ತಿದ್ದಾಗ ಪಕ್ಕದ ಪ್ರಯಾಣಿಕನೊಬ್ಬ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕೂತಿದ್ದನಂತೆ. ಯೊಕೊಯ್ ತಲೆಯಲ್ಲಿ ಹೊಳೆದದ್ದು ಆಗ. 1980ರಲ್ಲಿ 'ಗೇಮ್ ಅಂಡ್ ವಾಚ್' ಬಂತು. ಕ್ಯಾಲ್ಕುಲೇಟರ್ ಕಂಪನಿಗಳ ಪೈಪೋಟಿಯಿಂದ ಅಗ್ಗವಾಗಿದ್ದ ಪುಟ್ಟ ಎಲ್‌ಸಿಡಿ ಪರದೆಯೇ ಅದರ ಬಂಡವಾಳ. ಆಟದ ಜೊತೆಗೆ ಗಡಿಯಾರವನ್ನೂ ಸೇರಿಸಿದ್ದರು. ಬರೀ ಆಟದ ಸಾಮಾನು ಎಂದರೆ ದೊಡ್ಡವರು ಕೊಳ್ಳುವಾಗ ಹಿಂದೆಮುಂದೆ ನೋಡುತ್ತಾರೆ, ಟೈಮ್ ತೋರಿಸುತ್ತದೆ ಎಂದರೆ ಒಂದು ನೆಪ ಸಿಗುತ್ತದೆ. ಈ ನೆಪದ ಮಾತನ್ನು ನೆನಪಿಡಿ.

1989ರಲ್ಲಿ ಬಂದ ಗೇಮ್ ಬಾಯ್ ಕೂಡ ಯೊಕೊಯ್ ತಂಡದ್ದೇ. ಬಣ್ಣವಿಲ್ಲ, ಪರದೆಗೆ ಬೆಳಕಿಲ್ಲ, ನಾಲ್ಕು ಛಾಯೆಯ ಪಾಚಿಹಸಿರು. ಎದುರಾಳಿಗಳಾದ ಅಟಾರಿ ಲಿಂಕ್ಸ್, ಸೆಗಾ ಗೇಮ್ ಗೇರ್ ಎರಡಕ್ಕೂ ಬಣ್ಣವಿತ್ತು, ಬೆಳಕಿತ್ತು. ಆದರೆ ಅವು ಆರಾರು ಸೆಲ್ಲು ನುಂಗಿ ಕೆಲವೇ ಗಂಟೆಯಲ್ಲಿ ಮಲಗಿಬಿಡುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಹಳಸಿದ, ಅಗ್ಗದ ತಂತ್ರಜ್ಞಾನವನ್ನು ಹೊಸ ಕಡೆ ಬಳಸಬೇಕೆಂಬುದು ಯೊಕೊಯ್ ನಂಬಿಕೆ; ಅದು ಗೆದ್ದಿತು. ಗೇಮ್ ಬಾಯ್, ಅದರ ಬಣ್ಣದ ತಮ್ಮ ಗೇಮ್ ಬಾಯ್ ಕಲರ್ ಸೇರಿ ಹನ್ನೊಂದೂವರೆ ಕೋಟಿಗೂ ಹೆಚ್ಚು ಮಾರಾಟವಾದವು.

ಆಟದ ಕೈಯಂತ್ರದ ತೊಟ್ಟಿಲು ರೈಲು ಎನ್ನುವುದು ಸಣ್ಣ ಮಾತಲ್ಲ. ಜಪಾನಿನ ಮಹಾನಗರಗಳಲ್ಲಿ ದಿನಾ ರೈಲಿನಲ್ಲಿ ಓಡಾಡುವವರ ಬಳಿ ತುಂಬ ಖಾಲಿ ಹೊತ್ತು ಇರುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳ ಪೈಕಿ ರೈಲು ಇರುವುದು ಕೆ.ಆರ್. ನಗರಕ್ಕೆ ಮಾತ್ರ, ಮೈಸೂರು–ಹಾಸನದ ಗಾಡಿ ಅಲ್ಲಿ ನಿಲ್ಲುತ್ತದೆ. ಹುಣಸೂರು, ಪಿರಿಯಾಪಟ್ಟಣ ಹಾದು ಕುಶಾಲನಗರಕ್ಕೆ ಹೋಗಬೇಕಾದ ರೈಲು ಎಷ್ಟೋ ಚುನಾವಣೆಗಳಿಂದ ಕಾಗದದ ಮೇಲೇ ಓಡುತ್ತಿದೆ. ಹಾಗಾಗಿ ಮೈಸೂರಿಗೆ ಕಾಲೇಜಿಗೆ, ಕೆಲಸಕ್ಕೆ ಹೋಗುವವರದು ಬಸ್ಸಿನ ಪ್ರಯಾಣ. ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕರೆ ಪುಣ್ಯ. ನಿಂತವರ ಒಂದು ಕೈ ಮೇಲಿನ ಕಂಬಿಗೆ ಮೀಸಲು, ಉಳಿದದ್ದು ಒಂದೇ ಕೈ, ಅದರಲ್ಲೂ ಹೆಬ್ಬೆರಳು. ಕನ್ಸೋಲ್, ಅಂದರೆ ಆಟಕ್ಕೆಂದೇ ಮಾಡಿದ ಯಂತ್ರ, ಎರಡು ಕೈ ಕೇಳುತ್ತದೆ. ಕ್ಯಾಂಡಿ ಕ್ರಷ್, ಸಬ್‌ವೇ ಸರ್ಫರ್ಸ್ ಕೇಳುವುದು ಒಂದು ಹೆಬ್ಬೆರಳನ್ನು. ಫೋನಿನ ಗೇಮುಗಳು ಗೆದ್ದದ್ದರಲ್ಲಿ ಈ ಹೆಬ್ಬೆರಳಿನ ಪಾಲು ದೊಡ್ಡದು. ಗುಂಡಿಗಳೇ ಇಲ್ಲದ ಗಾಜಿನ ಮೇಲೆ ಹಳೆಯ ಆಟಗಳನ್ನು ತಂದಿಟ್ಟವರು ಸೋತರು. ಎಳೆದು ಬಿಡುವುದು, ಸವರುವುದು ಇವುಗಳಿಂದಲೇ ಹೊಸ ಆಟ ಕಟ್ಟಿದವರು ಗೆದ್ದರು. ಕವಣೆ ಹೊಡೆದಂತೆ ಹಕ್ಕಿಯನ್ನು ಹಿಂದಕ್ಕೆಳೆದು ಬಿಡುವ ಆಂಗ್ರಿ ಬರ್ಡ್ಸ್ 2009ರ ಕೊನೆಗೆ ಬಂದದ್ದು ಹಾಗೆ.

ಇಲ್ಲಿಗೆ ಆಟದ ಕೈಯಂತ್ರ ಬರಲೇ ಇಲ್ಲ ಎಂದರೆ ಒಂದು ತಲೆಮಾರು ಜಗಳಕ್ಕೆ ಬರುತ್ತದೆ. 'ಬ್ರಿಕ್ ಗೇಮ್' ಮರೆತಿರಾ ಎಂದು. ಮರೆತಿಲ್ಲ. 90ರ ದಶಕದಲ್ಲಿ ಜಾತ್ರೆಗಳ ಆಟಿಕೆ ಅಂಗಡಿಯಲ್ಲಿ ಬಲೂನು, ಪೀಪಿ, ನೀರಿನೊಳಗೆ ಉಂಗುರ ಹಾರಿಸುವ ಆಟಿಕೆಗಳ ನಡುವೆ ಅದು ತೂಗುತ್ತಿತ್ತು. '9999 ಇನ್ 1' ಎಂದು ಮೈಮೇಲೆ ಅಚ್ಚು. ಒಳಗಿದ್ದದ್ದು ಬೆರಳೆಣಿಕೆಯ ಆಟ. ಉಳಿದವೆಲ್ಲ ಅವೇ, ವೇಗ ಬೇರೆ, ಮಟ್ಟ ಬೇರೆ. ಚೀನಾದಿಂದ ಬಂದ ಈ ಅಗ್ಗದ ಸರಕು ಟೆಟ್ರಿಸ್ ಆಟವನ್ನು ಯಾರ ಅಪ್ಪಣೆಯೂ ಇಲ್ಲದೆ ಹಳ್ಳಿಹಳ್ಳಿಗೆ ತಲುಪಿಸಿತು. ಅದಕ್ಕೆ ಬೇಕಾದ ಪೆನ್ಸಿಲ್ ಸೆಲ್ಲಿಗೆ ಮನೆಯ ರೇಡಿಯೊ, ಗಡಿಯಾರಗಳೇ ಗತಿ. ಗೋಡೆ ಗಡಿಯಾರ ಇದ್ದಕ್ಕಿದ್ದಂತೆ ನಿಂತರೆ ಯಾರನ್ನು ವಿಚಾರಿಸಬೇಕೆಂದು ಎಲ್ಲ ಮನೆಯವರಿಗೂ ಗೊತ್ತಿತ್ತು. ಜನವರಿಯಲ್ಲಿ ನಡೆಯುವ ಚುಂಚನಕಟ್ಟೆಯ ಜಾತ್ರೆ ಹೆಸರಾಗಿರುವುದು ದನಗಳ ಪರಿಷೆಗೆ. ಕಾವೇರಿ ದಂಡೆಯ ಕೋದಂಡರಾಮನ ಗುಡಿಯ ಸುತ್ತ ಎತ್ತುಗಳ ವ್ಯಾಪಾರ ನಡೆಯುವ ಹೊತ್ತು, ತಂಬಾಕಿನ ಹರಾಜು ಇನ್ನೂ ಮುಗಿಯದ ಕಾಲ. ಕೈಯಲ್ಲಿ ದುಡ್ಡಿರುತ್ತದೆ, ಎತ್ತಿನ ವ್ಯಾಪಾರ ಕುದುರಿದರೆ ಅಪ್ಪನ ಮನಸ್ಸೂ ಮೆತ್ತಗಿರುತ್ತದೆ. ಜಾತ್ರೆ ಎಂಬುದೇ ಒಂದು ನೆಪ. ವರ್ಷದ ಉಳಿದ ದಿನ ಅದೇ ಸಾಮಾನು ಕೇಳಿದರೆ ಸಿಗುತ್ತಿದ್ದ ಉತ್ತರ: 'ಅದ್ಯಾತಕ್ಕೆ?'

ಈ 'ಅದ್ಯಾತಕ್ಕೆ' ಎಂಬ ಪ್ರಶ್ನೆಯನ್ನು ದಾಟದೆ ರೈತರ ಮನೆಯೊಳಕ್ಕೆ ಯಾವ ಯಂತ್ರವೂ ಬರುವುದಿಲ್ಲ. ಪಂಪ್‌ಸೆಟ್ಟು ದಾಟುತ್ತದೆ, ಮಿಕ್ಸಿ ದಾಟುತ್ತದೆ, ಟಿವಿ ಕೂಡ ಕ್ರಮೇಣ ದಾಟಿತು. ಆಡುವುದಕ್ಕೆ ಎಂಬ ಒಂದೇ ಉತ್ತರವಿರುವ ಸಾಮಾನು ಹೊಸ್ತಿಲಲ್ಲೇ ನಿಲ್ಲುತ್ತದೆ. ಆಟವಿಲ್ಲದ ಊರೆಂದು ಇದರ ಅರ್ಥವಲ್ಲ. ಚೌಕಾಬಾರಕ್ಕೆ ಜಗಲಿಯ ಮೇಲೆ ಸೀಮೆಸುಣ್ಣದ ಗೆರೆ, ನಾಲ್ಕು ಕವಡೆ ಅಥವಾ ಅರ್ಧ ತೇಯ್ದ ಹುಣಸೆಬೀಜ ಸಾಕು. ಹುಲಿ–ಕುರಿಯ ಮನೆಗಳನ್ನು ಹಳೆಯ ಗುಡಿಗಳ ಹಾಸುಗಲ್ಲಿನ ಮೇಲೇ ಕೊರೆದಿದ್ದಾರೆ. ಆಟಕ್ಕೆಂದೇ ದುಬಾರಿ ಸಲಕರಣೆ ಮಾಡಿಸಿಕೊಂಡವರು ಅರಮನೆಯವರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟ ಎಂದರೆ ಜೀವ. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಇರುವುದೇ ಆಟಗಳ ಕುರಿತು. ಒಂದು ಕಟ್ಟಿನಲ್ಲಿ 360 ಎಲೆಗಳವರೆಗೆ ಹೋಗುವ ಗಂಜೀಫಾ ಆಟಗಳನ್ನು ಅವರು ರೂಪಿಸಿದ್ದರು. ಒಂದೊಂದು ಎಲೆಯನ್ನೂ ಕಲಾವಿದನೇ ಕೈಯಲ್ಲಿ ಬರೆಯಬೇಕು. ಅದು ಅಚ್ಚಾದ ಅಗ್ಗದ ಇಸ್ಪೀಟಿನ ಮುಂದೆ ನಿಲ್ಲಲಾರದೆ ಹೋಯಿತು. ಜಗಲಿಯ ಚೌಕಾಬಾರಕ್ಕೆ ಏನೂ ಆಗಲಿಲ್ಲ. ಬೇರೆ ಕೆಲಸಕ್ಕೆ ಈಗಾಗಲೇ ಇರುವುದರ ಮೇಲೆ ಹತ್ತಿ ಕೂರುವ ಆಟ ಬಾಳುತ್ತದೆ, ತನಗೇ ಬೇರೆ ಪೀಠ ಕೇಳುವ ಆಟ ಬಡವಾಗುತ್ತದೆ.

ಇದಕ್ಕೆ ಅಚ್ಚುಕಟ್ಟಾದ ಪುರಾವೆ 2003ನೆಯ ಇಸವಿ. ಆ ವರ್ಷ ಫಿನ್ಲೆಂಡಿನ ನೋಕಿಯಾ ಕಂಪನಿ ಎರಡು ಯಂತ್ರ ಬಿಟ್ಟಿತು. ಒಂದು ಎನ್-ಗೇಜ್: ಫೋನೂ ಹೌದು, ಗೇಮ್ ಬಾಯ್‌ಗೆ ಎದುರಾಳಿಯೂ ಹೌದು, ಅಮೆರಿಕದಲ್ಲಿ 299 ಡಾಲರ್. ಗೇಮ್ ಬದಲಿಸಬೇಕಾದರೆ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯನ್ನೇ ಹೊರಗೆಳೆಯಬೇಕು. ಮಾತಾಡಬೇಕಾದರೆ ಯಂತ್ರವನ್ನು ಅಡ್ಡಕ್ಕೆ ನಿಲ್ಲಿಸಿ ಅದರ ಅಂಚನ್ನು ಕಿವಿಗೆ ಒತ್ತಬೇಕು, ನೋಡಿದವರು ನಕ್ಕರು. ಅದರ ಮಾರಾಟ ಕೋಟಿಯನ್ನು ಮುಟ್ಟಲೇ ಇಲ್ಲ. ಇನ್ನೊಂದು ನೋಕಿಯಾ 1100: ದೂಳು ಹೋಗದ ರಬ್ಬರಿನ ಕೀಲಿಗಳು, ತಲೆಯಲ್ಲೊಂದು ಟಾರ್ಚು, ಒಳಗೆ ಹಾವಿನಾಟ. ಇದು 25 ಕೋಟಿಯಷ್ಟು ಮಾರಾಟವಾಯಿತು. ಬಹುಕಾಲ ನಿಂಟೆಂಡೊ ಕಂಪನಿಯ ದಾಖಲೆಯಾಗಿದ್ದ ಡಿಎಸ್ ಎಂಬ ಕೈಯಂತ್ರ ಕೂಡ ಹದಿನೈದೂವರೆ ಕೋಟಿಯ ಹತ್ತಿರ ನಿಂತಿತು.

1100 ಅನ್ನು ಆಡಲಿಕ್ಕೆಂದು ಯಾರೂ ಕೊಳ್ಳಲಿಲ್ಲ. ಮಾತಿಗೆ, ಟಾರ್ಚಿಗೆ ಕೊಂಡರು. ತಂಬಾಕು ಬೇಯಿಸುವ ಬ್ಯಾರನ್ನಿಗೆ ರಾತ್ರಿಯಿಡೀ ಸೌದೆ ಒಟ್ಟುತ್ತ, ಥರ್ಮಾಮೀಟರು ನೋಡುತ್ತ ಎಚ್ಚರವಿರಬೇಕು. ಕತ್ತಲಿಗೆ ಆ ಟಾರ್ಚು ಬೇಕು, ನಿದ್ದೆ ತಡೆಯಲು ಏನಾದರೂ ಬೇಕು. ಹಾವು ಪುಕ್ಕಟೆಯಾಗಿ ಜೊತೆಗೆ ಬಂದಿತ್ತು. ಆಟಕ್ಕೆ ಅಪ್ಪಣೆ ಬೇಕಾಗಲಿಲ್ಲ, ಬೇರೆ ಸೆಲ್ಲು ಬೇಕಾಗಲಿಲ್ಲ. ಆಡುತ್ತಿದ್ದದ್ದು ಮಕ್ಕಳಷ್ಟೇ ಎಂದುಕೊಂಡರೆ ನೀವು ಬ್ಯಾರನ್ನಿನ ಮುಂದೆ ರಾತ್ರಿ ಕಳೆದಿಲ್ಲ ಎಂದರ್ಥ.

ಹೊರಗಿನ ಜಗತ್ತಿಗೆ ಇದೇ ಪಾಠ ಗೊತ್ತಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. 2008ರ ಜುಲೈನಲ್ಲಿ ಆಪಲ್ ತನ್ನ ಆಪ್ ಸ್ಟೋರ್ ತೆರೆಯಿತು. ಕನ್ಸೋಲಿನ ಲೆಕ್ಕಾಚಾರ ಹಳೆಯದು: ಯಂತ್ರದಲ್ಲಿ ಲಾಭ ಕಡಿಮೆ, ಒಂದೊಂದು ಗೇಮನ್ನೂ ಮೂವತ್ತು ನಲವತ್ತು ಡಾಲರಿಗೆ ಮಾರಿ ದುಡ್ಡು ಮಾಡುವುದು. ಪಕ್ಕದಲ್ಲೇ ಆಂಗ್ರಿ ಬರ್ಡ್ಸ್ ಒಂದು ಡಾಲರಿಗೂ ಕಡಿಮೆ ಬೆಲೆಗೆ ಸಿಗತೊಡಗಿದಾಗ ಆ ಲೆಕ್ಕ ಅಲ್ಲಾಡಿತು. ನಿಂಟೆಂಡೊ 2011ರ ಫೆಬ್ರುವರಿಯಲ್ಲಿ 25,000 ಯೆನ್‌ಗೆ ತಂದ 3ಡಿಎಸ್ ಅನ್ನು ಆಗಸ್ಟ್‌ನಲ್ಲೇ 15,000ಕ್ಕೆ ಇಳಿಸಬೇಕಾಯಿತು. ಕಂಪನಿಯ ಅಧ್ಯಕ್ಷ ಸತೊರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಕಡಿದುಕೊಂಡರು. ಸೋನಿ ಅದೇ ವರ್ಷದ ಕೊನೆಗೆ ತಂದ ವೀಟಾ ಚೆಂದದ ಯಂತ್ರ. ಆದರೆ ಅದಕ್ಕೆ ಸೋನಿಯದೇ ಮೆಮೊರಿ ಕಾರ್ಡು ಬೇಕು, ಮಾಮೂಲಿ ಕಾರ್ಡಿಗಿಂತ ಎಷ್ಟೋ ಪಟ್ಟು ದುಬಾರಿ. ಎಷ್ಟು ವೀಟಾ ಮಾರಾಟವಾದವು ಎಂಬ ಕೊನೆಯ ಲೆಕ್ಕವನ್ನು ಸೋನಿ ಹೇಳಲೇ ಇಲ್ಲ. 2019ರಲ್ಲಿ ತಯಾರಿಕೆ ನಿಂತಿತು. ಚಿಪ್ಪಿನ ಓಟವೂ ಇದೆ. 2013ರಿಂದ ಜಗತ್ತಿನಲ್ಲಿ ವರ್ಷಕ್ಕೆ ನೂರು ಕೋಟಿಗೂ ಹೆಚ್ಚು ಸ್ಮಾರ್ಟ್‌ಫೋನು ತಯಾರಾಗಿ ಹೊರಬೀಳುತ್ತಿವೆ. ಅಷ್ಟು ದೊಡ್ಡ ಗಿರಾಕಿ ಇರುವಾಗ ಚಿಪ್ಪು, ಪರದೆ, ಬ್ಯಾಟರಿಗಳ ಸುಧಾರಣೆಯೆಲ್ಲ ಫೋನಿಗಾಗಿಯೇ ನಡೆಯುತ್ತದೆ. ಫೋನು ವರ್ಷವರ್ಷ ಬದಲಾಗುತ್ತದೆ. ಕನ್ಸೋಲು ಒಮ್ಮೆ ಬಂದರೆ ಐದಾರು ವರ್ಷ ಅದೇ ಚಿಪ್ಪಿನಲ್ಲಿ ಏಗಬೇಕು.

ಆಟ ಮಾಡುವವರ ಕಡೆಯಿಂದಲೂ ನೋಡಬೇಕು. ಇಲ್ಲಿ ಕನ್ನಡ ನಾಡಿನದೇ ಉದಾಹರಣೆಯಿದೆ. ಗೇಮ್ ಬಾಯ್‌ಗೆ ಒಂದು ಆಟ ಬರೆಯಬೇಕಾದರೆ ನಿಂಟೆಂಡೊ ಒಪ್ಪಿಗೆ ಬೇಕು, ಕ್ಯಾಸೆಟ್ಟುಗಳ ತಯಾರಿಕೆಗೆ ಮುಂಗಡ ಸುರಿಯಬೇಕು, ದೇಶದೇಶದ ಅಂಗಡಿಗಳಿಗೆ ಮುಟ್ಟಿಸಬೇಕು. ಉಡುಪಿಯಂಥ ಊರಿನಲ್ಲಿ ಕೂತು ಮಾಡುವ ಕೆಲಸವೇ ಅಲ್ಲ. ಆಪ್ ಸ್ಟೋರ್ ಕೇಳಿದ್ದು ವರ್ಷಕ್ಕೆ 99 ಡಾಲರ್ ಮತ್ತು ಮಾರಾಟದಲ್ಲಿ ಶೇ 30. ಉಡುಪಿಯಲ್ಲಿ 1996ರಿಂದ ರೋಬೊಸಾಫ್ಟ್ ನಡೆಸುತ್ತಿದ್ದ ರೋಹಿತ್ ಭಟ್ 99ಗೇಮ್ಸ್ ಕಟ್ಟಿದರು. 'ವರ್ಡ್ಸ್‌ವರ್ತ್' ಎಂಬ ಪದದಾಟದಿಂದ ಶುರುವಾಗಿ, 2013ರ 'ಧೂಮ್ 3', 2014ರ 'ಸ್ಟಾರ್ ಷೆಫ್' ಆಟಗಳವರೆಗೆ ಮಲ್ಪೆಯ ಗಾಳಿ ಬೀಸುವ ಊರಿನಿಂದ ಜಗತ್ತಿನ ಫೋನುಗಳಿಗೆ ಆಟಗಳು ಹೋದವು. ಕನ್ಸೋಲಿನ ಬಾಗಿಲಲ್ಲಿ ಕಾವಲುಗಾರನಿದ್ದ. ಫೋನಿನ ಬಾಗಿಲಲ್ಲಿ ಟಿಕೆಟ್ಟು ಹರಿಯುವವನು ಮಾತ್ರ.

ಸೋನಿಯೂ ಭಾರತಕ್ಕೆಂದೇ ಪ್ರಯತ್ನ ಮಾಡಿತ್ತು. ಹೈದರಾಬಾದಿನ ಗೇಮ್‌ಶಾಸ್ತ್ರ ಎಂಬ ಕಂಪನಿಯಿಂದ 'ದೇಸಿ ಅಡ್ಡಾ' ಮಾಡಿಸಿ ಪ್ಲೇಸ್ಟೇಷನ್ 2 ಮತ್ತು ಪಿಎಸ್‌ಪಿಗಳಿಗೆ ತಂದಿತು. ಅದರಲ್ಲಿ ಕಬಡ್ಡಿಯಿತ್ತು, ಚಿನ್ನಿದಾಂಡು ಇತ್ತು. ಸಾವಿರಾರು ರೂಪಾಯಿಯ ಯಂತ್ರದಲ್ಲಿ ಚಿನ್ನಿದಾಂಡು! ಬೇಲಿಯಿಂದ ಕೋಲು ಮುರಿದುಕೊಂಡರೆ ಅದೇ ಆಟ ಸಿಗುವ ಪಿರಿಯಾಪಟ್ಟಣದ ಹುಡುಗರಿಗೆ ಇದನ್ನು ಯಾರಾದರೂ ಹೇಳಿದ್ದರೆ ಏನನ್ನುತ್ತಿದ್ದರೋ.

2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಬಂದ ಮೇಲಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಡೇಟಾ ಮೊದಲು ಪುಕ್ಕಟೆಯಾಯಿತು, ಆಮೇಲೆ ಅಗ್ಗವಾಯಿತು. 2018ರಲ್ಲಿ ಫೋನಿಗೆ ಬಂದ ಪಬ್‌ಜಿ ಅರಳಿಕಟ್ಟೆಯ ಮೇಲೆ ನಾಲ್ವರು ತಲೆತಗ್ಗಿಸಿ ಕೂಗಾಡುವ ಹೊಸ ನೋಟವನ್ನು ತಂದಿತು. ಲೂಡೊ ಕಿಂಗ್ ಬೆಂಗಳೂರಿಗೆ ಹೋದ ಅಣ್ಣನನ್ನೂ ಊರಲ್ಲಿರುವ ತಂಗಿಯನ್ನೂ ಒಂದೇ ಮಣೆಗೆ ಕೂರಿಸಿತು. ಕನ್ಸೋಲಿನಲ್ಲಿ ಜೊತೆಗಾರನ ಕೈಯಲ್ಲೂ ಅದೇ ಕನ್ಸೋಲು ಇರಬೇಕು. ಊರಿಗೊಂದು ಸ್ವಿಚ್ ಬಂದರೆ ಅದು ಒಂಟಿ ಯಂತ್ರ. ಫೋನಿನಲ್ಲಿ ಆಡುವವರ ಪಟ್ಟಿ ಮೊದಲೇ ತಯಾರಿದೆ. ನಂಬರುಗಳು ಅದರಲ್ಲೇ ಇವೆ.

ನೆಪಗಳಿಗೆಲ್ಲ ರಾಜನಂಥ ನೆಪ ಸಿಕ್ಕಿದ್ದು 2020ರಲ್ಲಿ. ಕೊರೊನಾದಿಂದ ಶಾಲೆ ಮುಚ್ಚಿ ಪಾಠ ಫೋನಿಗೆ ಬಂತು. ಅಲ್ಲಿಯವರೆಗೆ ಅಪ್ಪನ ಜೇಬಿನಲ್ಲಿದ್ದ ಫೋನು ಮಗುವಿನ ಕೈಗೆ ಅಧಿಕೃತವಾಗಿ ಬಂತು. ಇಲ್ಲದ ಮನೆಯವರು ಸಾಲ ಮಾಡಿ ತಂದರು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳ ಮಾತು ಬೇರೆ. ಸಿಗ್ನಲ್ ಸಿಗದ ಕಡೆ ಆನ್‌ಲೈನ್ ಕ್ಲಾಸೂ ಇಲ್ಲ, ಆನ್‌ಲೈನ್ ಆಟವೂ ಇಲ್ಲ. ಸರ್ಕಾರ ಆ ಆಗಸ್ಟ್‌ನಲ್ಲಿ 'ವಿದ್ಯಾಗಮ' ಎಂದು ಮೇಷ್ಟರನ್ನೇ ಮಕ್ಕಳಿದ್ದಲ್ಲಿಗೆ ಕಳಿಸಿದ್ದಕ್ಕೆ ಇಂಥ ಊರುಗಳೇ ಕಾರಣ. ನೆಟ್‌ವರ್ಕ್ ಬೇಡದ, ಕ್ಯಾಸೆಟ್ಟು ಹಾಕಿದರೆ ಓಡುವ ಯಂತ್ರಕ್ಕೆ ಕರ್ನಾಟಕದಲ್ಲಿ ಎಲ್ಲಾದರೂ ತಾಂತ್ರಿಕವಾಗಿ ಹೇಳಿ ಮಾಡಿಸಿದ ಜಾಗವಿದ್ದರೆ ಅದು ಕಬಿನಿ ಹಿನ್ನೀರಿನ ಆಚೆಬದಿ. ಅದನ್ನು ಕೊಳ್ಳುವ ಶಕ್ತಿ ಮಾತ್ರ ಎಲ್ಲರಿಗಿಂತ ಕಡಿಮೆ ಇರುವುದೂ ಅಲ್ಲೇ.

ಹಾಗಾದರೆ ಸ್ವಿಚ್ ಗೆದ್ದದ್ದು ಹೇಗೆ? 2017ರ ಮಾರ್ಚ್‌ನಲ್ಲಿ ಬಂದ ಅದು 15 ಕೋಟಿ ದಾಟಿದೆ. ಒಳಗಿನ ಎನ್‌ವಿಡಿಯಾ ಚಿಪ್ಪು ಬಂದ ದಿನವೇ ಹಳೆಯದು. ಗುಟ್ಟು ಬೇರೆಡೆ ಇದೆ. ಟಿವಿಗೆ ಸಿಕ್ಕಿಸಿದರೆ ಮನೆಮಂದಿಯ ಯಂತ್ರ, ಕಿತ್ತುಕೊಂಡರೆ ಕೈಯಂತ್ರ. ಎರಡು ಯಂತ್ರಕ್ಕೆ ಒಂದು ದುಡ್ಡು ಎಂದರೆ ಅದೂ ಒಂದು ನೆಪವೇ. ಮಾರಿಯೊ, ಝೆಲ್ಡಾ ಆಟಗಳ ಹೊಸ ದೊಡ್ಡ ಕಂತುಗಳು ನಿಂಟೆಂಡೊ ಯಂತ್ರಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಗೇಮ್ ಬಾಯ್ ಆಡಿ ಬೆಳೆದು ಈಗ ಸ್ವಂತ ಸಂಬಳ ಎಣಿಸುವವರಿಗೆ 'ಅದ್ಯಾತಕ್ಕೆ' ಎಂದು ಕೇಳುವವರೂ ಇಲ್ಲ. ಆ ನೆನಪಿನ ಬಂಡವಾಳ ನಮ್ಮಲ್ಲಿಲ್ಲ. ಸ್ವಿಚ್ ಅನ್ನು ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಲೇ ಇಲ್ಲ. ಬೇಕಾದವರು ಹೊರದೇಶದಿಂದ ತರಿಸಿದ್ದನ್ನು ಕೊಳ್ಳಬೇಕು, ಕೆಟ್ಟರೆ ದೇವರೇ ಗತಿ. ಫೋನಿನ ಮೇಲೆ ಸವಾರಿ ಮಾಡಲು ನಿಂಟೆಂಡೊ ಕೂಡ ನೋಡಿತು. 2016ರ ಕೊನೆಗೆ ಬಂದ 'ಸೂಪರ್ ಮಾರಿಯೊ ರನ್' ಸ್ವಲ್ಪ ರುಚಿ ತೋರಿಸಿ, ಪೂರ್ತಿ ಆಟಕ್ಕೆ ಒಮ್ಮೆಗೆ ಹತ್ತು ಡಾಲರ್ ಕೇಳಿತು. ಇಳಿಸಿಕೊಂಡವರು ಕೋಟ್ಯಂತರ, ದುಡ್ಡು ಕೊಟ್ಟವರು ಕಂಪನಿ ಎಣಿಸಿದ್ದಕ್ಕಿಂತ ಕಡಿಮೆ. ಫೋನಿನಲ್ಲಿ ಆಟಕ್ಕೆ ಬೆಲೆ ಇದೆ ಎಂಬುದನ್ನೇ ಜನ ಅಷ್ಟರಲ್ಲಿ ಮರೆತಿದ್ದರು.

ನನಗೆ ಕನ್ಸೋಲಿನ ಬಗ್ಗೆ ಮರುಕ ಬರುವುದು ಇಲ್ಲಿ. ಹತ್ತು ಡಾಲರ್ ಕೊಟ್ಟರೆ ಮುಗಿಯಿತು ಎಂಬ ವ್ಯಾಪಾರ ಸೋತು, ಪುಕ್ಕಟೆಯಾಗಿ ಒಳಗೆ ಕರೆದು ಆಮೇಲೆ ಸುಲಿಯುವ ವ್ಯಾಪಾರ ಗೆದ್ದಿತು. ಕ್ಯಾಸೆಟ್ಟಿನ ಆಟ ಅಂಗಡಿಯಲ್ಲಿ ಒಮ್ಮೆ ದುಡ್ಡು ತೆಗೆದುಕೊಂಡ ಮೇಲೆ ನಿಮ್ಮ ಜೇಬಿಗೆ ಕೈ ಹಾಕಲಾರದು. ಫೋನಿನ ಆಟ ಜಾಹೀರಾತು ತೋರಿಸುತ್ತದೆ, ಬಂದೂಕಿಗೆ ಬಣ್ಣ ಮಾರುತ್ತದೆ. 2025ರವರೆಗೆ ಅದೇ ಪರದೆಯಲ್ಲಿ ಪಕ್ಕದ ಚಿತ್ರ ಒತ್ತಿದರೆ ದುಡ್ಡು ಕಟ್ಟಿ ಆಡುವ ರಮ್ಮಿಯೂ ಇತ್ತು. ಯುಪಿಐ ಅದರ ಮಗ್ಗುಲಲ್ಲೇ. ಹರಾಜಿನ ದುಡ್ಡು ಬಂದು ಬೀಳುವ ಖಾತೆಗೂ ಆಟಕ್ಕೂ ಅಂತರವೇ ಇರಲಿಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ತಡೆಯಲು ನೋಡಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. 'ಅದ್ಯಾತಕ್ಕೆ' ಎಂದು ಹೊಸ್ತಿಲಲ್ಲಿ ಗೇಮ್ ಸೆಟ್ಟನ್ನು ತಡೆದ ಅಪ್ಪ, ಅದಕ್ಕಿಂತ ಎಷ್ಟೋ ಹಸಿದ ಯಂತ್ರವನ್ನು ತಾನೇ ಜೇಬಿನಲ್ಲಿಟ್ಟುಕೊಂಡು ಒಳಗೆ ತಂದಿದ್ದ.

ಒಂದೇ ಕೆಲಸದ ಕೈಯಂತ್ರಗಳಿಗೆ ಕಾಲ ಪೂರ್ತಿ ಮುಗಿದಿದೆ ಎಂದೇನೂ ಅಲ್ಲ. ಸಂಸ್ಥೆಯೊಂದು ದುಡ್ಡು ಕೊಟ್ಟು ಕೆಲಸಗಾರನ ಕೈಗೆ ಕೊಡುವಂಥವು ಉಳಿದಿವೆ. ಅವುಗಳಲ್ಲೂ ಫೋನು ನುಗ್ಗುತ್ತಿದೆ: ಸಾರಿಗೆ ನಿಗಮದ ಹೊಸ ಟಿಕೆಟ್ ಯಂತ್ರ ಆಂಡ್ರಾಯ್ಡ್‌ನದು, ಯುಪಿಐ ತೆಗೆದುಕೊಳ್ಳುತ್ತದೆ. ಆಟದ ಕಡೆ ಉಳಿದಿರುವುದು ಬ್ರಿಕ್ ಗೇಮಿನ ಮೊಮ್ಮಗನಂಥ ಒಂದು ಚೀನೀ ಸರಕು. 'ಸಪ್ 400 ಇನ್ 1' ಎಂದು ಹೆಸರು. ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಒಳಗೆ 80ರ ದಶಕದ ನಿಂಟೆಂಡೊ ಆಟಗಳು, ಯಥಾಪ್ರಕಾರ ಯಾರ ಅಪ್ಪಣೆಯೂ ಇಲ್ಲದೆ. ಇದಕ್ಕೆ ಸಾಮಾನ್ಯವಾಗಿ ಹಾಕುವುದು ಬಿಎಲ್-5ಸಿ ಬ್ಯಾಟರಿ, ನೋಕಿಯಾ 1100ರಲ್ಲಿದ್ದದ್ದೇ. ಕೆಟ್ಟರೆ ಹೊಸದಕ್ಕೆ ಮೊಬೈಲ್ ರಿಪೇರಿ ಅಂಗಡಿಗೇ ಹೋಗಬೇಕು.